ಕಲ್ಲಿನಲ್ಲಿ ಬಿಟ್ಟ ಜಾಗ

ಊರಿನ ಸ್ಮಾರಕ ಕಟ್ಟಿಸುತ್ತಿರುವ ನಗರಪಾಲಿಕೆಯ ಎಂಜಿನಿಯರ್ ಸಾಹೇಬರಿಗೆ, ದರ್ಜಿ ಅಂಗಡಿಯವಳ ನಮಸ್ಕಾರ.

ಹಡಗು ದುರಂತದಲ್ಲಿ ಸತ್ತವರ ಸಾಲಿಗೆ ನನ್ನ ಮಗನ ಹೆಸರು ಸೇರಿಸಲು ನೀವು ಕಳಿಸಿದ ಒಪ್ಪಿಗೆ ಪತ್ರವನ್ನು ಎರಡು ಸಲ ಸಹಿ ಹಾಕದೆ ಹಿಂದಿರುಗಿಸಿದ್ದೆ. ಅವನ ದೇಹ ಸಿಕ್ಕಿಲ್ಲವೆಂದು ನಿಮಗೂ ಗೊತ್ತು.

ಮೊನ್ನೆ ಅಂಗಡಿಯಲ್ಲಿ ತಂಗಿಯನ್ನು ಕೂರಿಸಿ, ಜಗಳ ಆಡಲೆಂದೇ ಸ್ಮಾರಕದ ಬಳಿ ಬಂದಿದ್ದೆ. ನನ್ನನ್ನು ಕೇಳದೆ ಕೆತ್ತಿಸಿರುತ್ತೀರಿ ಎಂದುಕೊಂಡಿದ್ದೆ. ಗೋಡೆ ತುಂಬ ಹೆಸರುಗಳು. ಮೂರನೆಯ ಸಾಲಿನ ನಡುವೆ ಮಾತ್ರ ಬರೀ ಕಲ್ಲು. ಯಾಕೆಂದು ಕಲ್ಲುಕುಟಿಗ ಅಜ್ಜನನ್ನು ಕೇಳಿದೆ. ನಾನು ಯಾರೆಂದು ಹೇಳಲಿಲ್ಲ.

"ಒಬ್ಬ ತಾಯಿ ಇನ್ನೂ ಒಪ್ಪಿಲ್ಲಮ್ಮ," ಎಂದರು. "ಒಪ್ಪೋವರೆಗೂ ಆ ಜಾಗ ಮುಟ್ಟಬೇಡಿ ಅಂದಿದಾರೆ ಸಾಹೇಬ್ರು. ಕಲ್ಲಿಗೇನು ಅವಸರ?"

ಅಜ್ಜ ನೀರು ಕುಡಿಯಲು ಹೋದಾಗ ಕೊರಳಲ್ಲಿದ್ದ ಟೇಪು ತೆಗೆದು ಅಳೆದೆ. ಪಕ್ಕದ ಅಕ್ಷರಗಳ ಲೆಕ್ಕದಲ್ಲಿ ನನ್ನ ಮಗನ ಹೆಸರು ಸರಿಯಾಗಿ ಕೂರುತ್ತದೆ, ಎರಡೂ ಬದಿಗೆ ಒಂದೊಂದು ಬೆರಳು ಮಿಗುತ್ತದೆ. ಬೆಳೆಯುವ ಮಕ್ಕಳ ಅಂಗಿಗೆ ನಾನೂ ಹಾಗೆಯೇ ಒಳಗೆ ಬಟ್ಟೆ ಬಿಟ್ಟು ಹೊಲಿಯುತ್ತೇನೆ. ಮೂವತ್ತು ವರ್ಷದ ಕಸುಬಿನಲ್ಲಿ ಇಷ್ಟು ಅಚ್ಚುಕಟ್ಟಾದ ಕೆಲಸ ಕಂಡಿದ್ದು ಕಡಿಮೆ.

ಸಹಿ ಹಾಕಿ ಕಳಿಸಿದ್ದೇನೆ. ಅಜ್ಜನೇ ಕೈಯಾರೆ ಕೆತ್ತಲಿ, ಮೆಷಿನ್ ಬೇಡ. ಕೆತ್ತುವ ದಿನ ಗೊತ್ತಾದರೆ ಮುಂಚೆಯೇ ತಿಳಿಸಿ, ಗಿರಾಕಿಗಳಿಗೆ ಹೇಳಬೇಕು. ಮಗ ಬಂದಾಗ ಬಾಗಿಲು ಹಾಕಿರಬಾರದೆಂದು ಈ ಒಂಬತ್ತು ವರ್ಷ ಅಂಗಡಿಗೆ ಒಂದು ದಿನವೂ ರಜೆ ಕೊಟ್ಟಿಲ್ಲ. ಅಂದು ತಂಗಿಯೂ ನನ್ನ ಜೊತೆ ಬರುತ್ತಾಳೆ. ಬೀಗ ಹಾಕಿ ಬರುತ್ತೇವೆ.

ಇತಿ,
ಮೂರನೆಯ ಸಾಲಿನ ಹುಡುಗನ ತಾಯಿ