ಕೂಗಿದ್ದು ಕೇಳದ ಕೋರ್ಟು ಜಗಲಿ

ಸರ್ಕಾರಿ ಕಟ್ಟಡಗಳ ಉಸ್ತುವಾರಿ ಹೊತ್ತ ಮಾನ್ಯ ಎಂಜಿನಿಯರ್ ಸಾಹೇಬರೇ,

ನೀವು ನಮ್ಮ ಹಳೆಯ ಕೋರ್ಟಿನ ಜಗಲಿಗೆ ಹೊದಿಸಿದ ನೀಲಿ ತಗಡಿನ ಕೆಳಗೆ ನಿಂತು ನನ್ನ ಚಿಕ್ಕಮ್ಮ ತನ್ನ ದಾವೆ ಕಳೆದುಕೊಂಡಳು. ಸಾಕ್ಷಿ ಇತ್ತು, ಕಾಗದವಿತ್ತು. ಮಳೆ ಹೊಯ್ಯುವಾಗ ಬಾಗಿಲಲ್ಲಿ ಕೂಗಿದ ಆಕೆಯ ಹೆಸರು ಕೂಗಳತೆಯಲ್ಲೇ ನಿಂತಿದ್ದ ಆಕೆಗೆ ಕೇಳಲಿಲ್ಲ, ಅಷ್ಟೆ. ಇದನ್ನು ಬರೆಯುವಾಗ ನನಗೆ ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಾಗುತ್ತಿದೆ. ಏಕೆಂದು ಹೇಳುತ್ತೇನೆ, ಕುರ್ಚಿ ಬಿಟ್ಟು ಏಳಬೇಡಿ.

ಮಹಾರಾಜರ ಕಾಲದ ಕಟ್ಟಡ ಅದು. ಜಂಬಿಟ್ಟಿಗೆಯ ದಪ್ಪ ಗೋಡೆ, ಹಲಸಿನ ಮರದ ಕಂಬ, ಮೂರು ಕಡೆ ಜಗಲಿ. ಜಗಲಿಯ ಮಾಡಿಗೆ ಮರದ ಹಲಗೆ, ಹಲಗೆಯ ಮೇಲೆ ಹೆಂಚು. ನಾಟಕದ ಅಟ್ಟದ ಮೇಲೆ ಬೆಳೆದ ನಾನು ಯಾವ ಕಟ್ಟಡ ಹೊಕ್ಕರೂ ಮೊದಲು ಒಂದು ಮಾತು ಆಡಿ ನೋಡುತ್ತೇನೆ. ಆ ಜಗಲಿಯಲ್ಲಿ ಪಿಸುಗುಟ್ಟಿದರೂ ಕಡೆಯ ಬೆಂಚಿನವನು ತಿರುಗಿ ನೋಡುತ್ತಿದ್ದ! ಆಷಾಢದ ಮಳೆ ಹೆಂಚನ್ನೂ ಹಲಗೆಯನ್ನೂ ದಾಟಿ ಕಿವಿಗೆ ಬೀಳುವಷ್ಟರಲ್ಲಿ ಬರೀ ಗೊಣಗಾಟವಾಗಿರುತ್ತಿತ್ತು. ಕಕ್ಷಿದಾರನ ಹೆಸರನ್ನು ಜವಾನ ಬಾಗಿಲಲ್ಲಿ ನಿಂತು ಮೂರು ಸಲ ಕೂಗುವುದು ಪದ್ಧತಿಯಲ್ಲವೇ? ಆ ಕೂಗಿಗೆಂದೇ ಕಟ್ಟಿದ ಮಾಡು ಅದು ಎಂದು ಎದೆ ತಟ್ಟಿ ಹೇಳುತ್ತೇನೆ. ಮಳೆಗೆ ಮುಂಚೆ ಹೆಂಚು ಕೈಯಾಡಿಸಿ, ಒಡೆದದ್ದನ್ನು ಬದಲಿಸುವ ಮರ್ಯಾದೆಯನ್ನು ನಮ್ಮ ಕಡೆ ದನದ ಕೊಟ್ಟಿಗೆಗೂ ಕೊಡುತ್ತಾರೆ. ನೀವು ವರ್ಷಾನುವರ್ಷ ಒಬ್ಬನನ್ನೂ ಮಾಡು ಹತ್ತಿಸಲಿಲ್ಲ. ಸೋರಿತು. ಸೋರಿದ್ದೇ ನೆಪವಾಗಿ ಹೆಂಚು, ಹಲಗೆ ಎರಡನ್ನೂ ಇಳಿಸಿ ತಗಡು ಏರಿಸಿದಿರಿ. ಆಹಾ, ಏನು ಜೀರ್ಣೋದ್ಧಾರ! ನೀವು ರಿಬ್ಬನ್ ಕತ್ತರಿಸಿದಿರಿ, ನಾವು ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ. ಬಿಸಿಲಿಗೆ ತಗಡು ಹೊಳೆಯುತ್ತಿತ್ತು, ಮಳೆಗಾಲ ನೆನಪಾಗಲಿಲ್ಲ. ಕೊಪ್ಪ ಸೀಮೆಯಲ್ಲಿ ಹುಟ್ಟಿದವನಿಗೆ!

ಸೀತೂರಿನ ಯಲ್ಲಕ್ಕ ನನ್ನ ತಾಯಿಯ ತಂಗಿ. ಆಕೆ ಬಾವಿಗೆ ಹೋಗುವ ಕಾಲುದಾರಿಗೆ ಪಕ್ಕದ ಜಮೀನಿನ ವಾಸಪ್ಪ ಬೇಲಿ ಹಾಕಲು ಬಂದಾಗ ದಾವೆ ಹೂಡಿ ತಡೆಯಾಜ್ಞೆ ತಂದಿದ್ದಳು. ವಿಚಾರಣೆಯ ದಿನ ನಮ್ಮ ವಕೀಲರಿಗೆ ಶೃಂಗೇರಿಯಲ್ಲೂ ಕೇಸು. "ಹೆಸರು ಕರೆದ ಕೂಡಲೇ ಒಳಗೆ ಹೋಗಿ ನಿಂತ್ಕೊಳ್ಳಿ, ನಾನು ದಾರಿಯಲ್ಲಿದ್ದೀನಿ ಅನ್ನಿ" ಎಂದಿದ್ದರು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಚಿಕ್ಕಮ್ಮ ಮತ್ತು ನಾನು ಜಗಲಿಯ ಕಂಬದ ಬಳಿ ಕಾದೆವು. ಮಳೆ ಹಿಡಿಯಿತು. ಸಾಹೇಬರೇ, ಯುದ್ಧದ ದೃಶ್ಯದಲ್ಲಿ ಗುಡುಗು ಬೇಕಾದರೆ ನಾವು ಪರದೆಯ ಹಿಂದೆ ತಗಡು ಬಡಿಯುತ್ತೇವೆ. ಆ ಗುಡುಗನ್ನು ನೀವು ನ್ಯಾಯಾಲಯದ ನೆತ್ತಿಯ ಮೇಲೆ ಕಾಯಂ ಮಾಡಿದ್ದೀರಿ! ಮಳೆ ಇಳಿದ ಮೇಲೆ ಒಳಗೆ ಹೋಗಿ ಕೇಳಿದರೆ, ಜವಾನ ಯೋಗೇಶ ಹಣೆ ಚಚ್ಚಿಕೊಂಡ.

"ಎಲ್ಲಿ ಹೋಗಿದ್ರಿ ಮಾರಾಯ್ರೇ? ಮೂರು ಸಲ ಕೂಗ್ದೆ. ಗೈರುಹಾಜರಿ ಅಂತ ದಾವೆ ವಜಾ ಆಯ್ತು!"

"ಇಲ್ಲೇ ಇದ್ವಲ್ಲ ಮಾರಾಯ, ಈ ಕಂಬದ ಹತ್ರ!" ಎಂದೆ.

"ನಾ ಎಂತ ಮಾಡ್ಲಿ? ನಾ ಕೂಗಿದ್ದು ನಂಗೇ ಕೇಳ್ಲಿಲ್ಲ."

ಚಿಕ್ಕಮ್ಮ ನನ್ನ ತೋಳು ಹಿಡಿದಳು. "ಬೆಳಿಗ್ಗೆಯಿಂದ ನಿಂತವ್ಳನ್ನ ಬರ್ಲೇ ಇಲ್ಲ ಅಂತ ಹೆಂಗೆ ಬರೀತಾರೆ ಗೋವಿಂದ?"

ನ್ಯಾಯಾಧೀಶರನ್ನು ದೂರಲಾರೆ, ಅವರೆದುರು ನಮ್ಮ ಕಡೆಯವರು ಯಾರೂ ನಿಂತಿರಲಿಲ್ಲ. ದಾವೆಯ ಜೊತೆ ತಡೆಯಾಜ್ಞೆಯೂ ಹೋಯಿತು, ಮರುದಿನವೇ ವಾಸಪ್ಪನ ಬೇಲಿ ಎದ್ದಿತು. ಬೇಲಿಯ ಆಚೆಯಿಂದ ಅವನ ಮಾತು ಹೀಗೆ: "ಎಂತ ಯಲ್ಲಕ್ಕ, ಕೋರ್ಟಿಗೆ ಅಂತ ಹೋಗಿ ಬಸ್‌ಸ್ಟ್ಯಾಂಡಲ್ಲಿ ಕೂತಿದ್ರಂತೆ? ಸುಳ್ಳು ಕೇಸು ಅಂತ ಹೆದರಿಕೆ ಆಯ್ತಾ?" ಊರೂ ಅದನ್ನೇ ನಂಬಿದೆ. ಚಿಕ್ಕಮ್ಮ ಈಗ ತನ್ನದೇ ಬಾವಿಯ ನೀರಿಗೆ ಗದ್ದೆ ಬಯಲೆಲ್ಲ ಸುತ್ತಿ ಹೋಗುತ್ತಾಳೆ. ಎದುರಿಗೆ ಯಾರಾದರೂ ಬಂದರೆ ಮುಖ ಆಚೆ ತಿರುಗಿಸುತ್ತಾಳೆ. ಏನೂ ತಪ್ಪು ಮಾಡದವಳು ಮುಖ ಮರೆಸುತ್ತಿದ್ದಾಳೆ. ತಗಡು ಏರಿಸಿದ ನೀವು, ಅದಕ್ಕೆ ಚಪ್ಪಾಳೆ ತಟ್ಟಿದ ನಾನು ಪೇಟೆಯಲ್ಲಿ ತಲೆಯೆತ್ತಿ ಓಡಾಡುತ್ತೇವೆ. ಥೂ, ಇದೆಂಥ ಬಾಳು?

ಇಷ್ಟನ್ನೂ ನಿಮ್ಮ ಕಚೇರಿಗೆ ಬಂದು ಹೇಳಿದೆ. "ತಗಡು ಸೋರ್ತಾ ಇದೆಯಾ?" ಎಂದಿರಿ. ಇಲ್ಲ ಎಂದೆ. "ಮತ್ತೇನ್ರೀ ತೊಂದರೆ?" ಎಂದಿರಿ. ಮೈಕಿಲ್ಲದೆ ಇಡೀ ಬಯಲಿಗೆ ಸಂಭಾಷಣೆ ಮುಟ್ಟಿಸಿದ ಗಂಟಲು ನಿಮ್ಮ ಮೇಜಿನ ಮುಂದೆ "ಬರ್ತೀನಿ ಸಾರ್" ಎಂದಿತು. ಪಕ್ಕದಲ್ಲಿ ಚಿಕ್ಕಮ್ಮ ಕೈಮುಗಿದು ನಿಂತಿದ್ದಳು. ನಿಮಗೆ! ಆ ಹೊತ್ತು ನಾನು ನೆಲ ನೋಡಿದೆ.

ದಾವೆಯನ್ನು ಮತ್ತೆ ವಿಚಾರಣೆಗೆ ತೆಗೆದುಕೊಳ್ಳಿ ಎಂದು ಅರ್ಜಿ ಹಾಕಿದ್ದೇವೆ. ಬರುವ ಸೋಮವಾರ ಅದನ್ನು ಕರೆಯುತ್ತಾರೆ. ಅಷ್ಟರೊಳಗೆ, ಆ ಜಗಲಿಯಲ್ಲಿ ಮಳೆ ಬಂದಾಗ ಕೂಗು ಕೇಳುವುದಿಲ್ಲವೆಂದು ನೀವು ರುಜು ಹಾಕಿ ಬರೆದುಕೊಡಬೇಕು. ಮಳೆ ಕಳೆದ ಕೂಡಲೇ ತಗಡು ಇಳಿದು ಹಲಗೆ, ಹೆಂಚು ಮೇಲೇರಬೇಕು. ನನ್ನ ಮಾತಿನಲ್ಲಿ ನಂಬಿಕೆಯಿಲ್ಲವೇ? ಸೋಮವಾರ ಬನ್ನಿ, ಆಕೆಯ ಜೊತೆ ಆ ಕಂಬದ ಬಳಿ ನಿಲ್ಲಿ. ಬರದಿದ್ದರೂ ಚಿಂತೆಯಿಲ್ಲ, ಯೋಗೇಶನ ಪಕ್ಕ ಬಾಗಿಲಲ್ಲಿ ನಿಂತು ಸೀತೂರಿನ ಯಲ್ಲಕ್ಕನ ಹೆಸರನ್ನು ನಾನೇ ಕೂಗುತ್ತೇನೆ. ನ್ಯಾಯಾಲಯದಲ್ಲಿ ಗದ್ದಲ ಮಾಡಿದ್ದಕ್ಕೆ ಒಳಗೆ ಹಾಕಿದರೆ ಹಾಕಲಿ. ಆಕೆ ಬಂದಿದ್ದಾಳೆ ಎಂಬುದು ಈ ಸಲ ಪೇಟೆಗೆಲ್ಲ ಕೇಳಲಿ.

ಇಂತಿ,
ನಿಮ್ಮ ಜೊತೆ ನಾಚಬೇಕಾದವನು,
ಜಯಪುರದ ನಾಟಕದ ಗೋವಿಂದ