ಕೂತೋರನ್ನ ಮುಟ್ಟಂಗಿಲ್ಲ

ಕೆಂಪಣ್ಣಾ, ನನ್ನ ಪುಟ್ಟ ಅಣ್ಣಾ,

ನಿನ್ನನ್ನ ಹೆಂಗೆ ಕರೀಬೇಕು ಅನ್ನೋದರಲ್ಲೇ ಬೆಳಗ್ಗೆಯಿಂದ ಒಂದು ಹಾಳೆ ಹರಿದುಹಾಕಿದೆ. ನನಗಿಂತ ದೊಡ್ಡವನು, ಅಣ್ಣ ಅನ್ನಲೇಬೇಕು. ಆದ್ರೆ ನೀನು ಐದನೇ ಕ್ಲಾಸಿನಲ್ಲೇ ನಿಂತುಬಿಟ್ಟೆ. ನಾನು ನೋಡು, ಮೀಸೆ ಬೆಳ್ಳಗಾಗಿ, ಅದಕ್ಕೆ ಕಪ್ಪು ಹಚ್ಚಿ, ಆ ಕಪ್ಪೂ ಬಿಡ್ತಾ ಇದೆ. ಈಗ ನೀನು ಎದುರಿಗೆ ಬಂದ್ರೆ ಜನ ನಿನ್ನನ್ನ ನನ್ನ ಮೊಮ್ಮಗ ಅಂದ್ಕೊಳ್ತಾರೆ. ಅಂದ್ಕೊಳ್ಲಿ. ಅಣ್ಣ ಅಣ್ಣಾನೇ.

ಮೊದಲು ನನ್ನ ದೊಡ್ಡಸ್ತಿಕೆ ಒಂದಿಷ್ಟು ಹೇಳ್ಬಿಡ್ತೀನಿ, ಇಲ್ಲಾಂದ್ರೆ ಉಂಡಿದ್ದು ಅರಗಲ್ಲ. ನಾನು ಟ್ರ್ಯಾಕ್ಟರ್ ಇಟ್ಟಿದ್ದೀನಿ. ಇಡೀ ಸಾಸಲು ಹೋಬಳೀಲಿ ಟ್ರೇಲರ್ ಸಮೇತ ಟ್ರ್ಯಾಕ್ಟರನ್ನ ಸಂದಿಯೊಳಗೆ ಹಿಂದಕ್ಕೆ ತಗೊಳೋನು ನನ್ನ ಬಿಟ್ರೆ ಇನ್ನೊಬ್ಬ ಹುಟ್ಟಿಲ್ಲ. ಇದನ್ನ ನಾನೇ ಊರಿಗೆಲ್ಲ ಹೇಳಿದ್ದೀನಿ. ಚಿರತೆ ನನ್ನ ನೋಡಿ ದಾರಿ ಬಿಟ್ಟಿದ್ದೂ ಹೇಳಿದ್ದೀನಿ. ಅದು ನಾಯಿ ಇರಬಹುದು ಅಂತ ನಮ್ಮ ಜಯಾ ಅಂತಾಳೆ. ಜಯಾ ಗೊತ್ತಲ್ಲ, ನೀನು ಹೋದಾಗ ತೊಟ್ಟಿಲಲ್ಲಿದ್ದ ನಮ್ಮ ತಂಗಿ. ಈಗ ಅವಳೇ ಅಜ್ಜಿ. ಒಟ್ಟಿನಲ್ಲಿ ನನ್ನ ಮಾತನ್ನ ಅರ್ಧ ಕಳೆದು ನಂಬೋದು ಊರಿನ ವಾಡಿಕೆ. ಈ ಕಾಗದದಲ್ಲಿ ಮಾತ್ರ ಕಳೀಬೇಡ. ಪೂರ್ತಿ ನಂಬು.

ನಮ್ಮೂರ ಕಣ ನೆನಪಿದೆಯಾ? ರಾಗಿ ಒಕ್ಕಿದ ಮೇಲೆ ಸಾರಿಸಿದ ನೆಲ ಹಂಗೇ ಬಿದ್ದಿರೋದು, ಸಂಜೆ ಅದೆಲ್ಲ ನಮ್ಮದು. ಜೂಟಾಟ ಶುರುವಾದ್ರೆ ನೀನು ಒಂದಿಷ್ಟು ದೂರ ಓಡಿ, ನಡುವೆ ದಬಕ್ಕನೆ ಕುಕ್ಕರಗಾಲಲ್ಲಿ ಕೂತುಬಿಡ್ತಿದ್ದೆ. ಮೊಣಕಾಲು ಎದೆಗೆ ಒತ್ಕೊಂಡು, ತಲೆ ಬಗ್ಗಿಸ್ಕೊಂಡು, ಮೇಲುಸಿರು ಬಿಡ್ತಾ. ಒಂದು ದಿನ ಗೋವಿಂದ, ನಮ್ಮೆಲ್ಲರಿಗಿಂತ ದಾಂಡಿಗ ಅವನು, ಬಂದು ನಿನ್ನ ಬೆನ್ನಿಗೆ ಗುದ್ದಿದ.

"ಜೂಟ್! ಔಟ್ ಕಣ್ಲಾ!"

ನೀನು ತಲೆ ಎತ್ತಿ, "ಕೂತೋರನ್ನ ಮುಟ್ಟಂಗಿಲ್ಲ" ಅಂದೆ.

"ಯಾವನ್ಲಾ ಮಾಡಿದ್ದು ಈ ಕಾನೂನು?"

"ನಾನೇ."

"ನೀನ್ಯಾವ ಊರ ತಾಸೀಲ್ದಾರನ್ಲಾ?"

ಮಾತು ಅಲ್ಲಿಗೇ ನಿಂತಿದ್ರೆ ನಿನ್ನ ಕಾನೂನು ಅವತ್ತೇ ಸತ್ತುಹೋಗ್ತಿತ್ತು. ನಾನು ಹೋಗಿ ಗೋವಿಂದನ ಮುಂಗೈ ಕಚ್ಚಿ ಹಿಡ್ಕೊಂಡೆ. "ಆಯ್ತು ಬಿಡ್ಲೋ, ಕೂತ್ರೆ ಮುಟ್ಟಲ್ಲ!" ಅಂತ ಅವನು ಬಾಯಿ ಬಡ್ಕೊಳೋವರೆಗೂ ಬಿಡಲಿಲ್ಲ. ಬೇರೆ ಕಾನೂನಿಗೆಲ್ಲ ಸಹಿ ಮೊಹರು ಬೇಕು. ನಿನ್ನ ಕಾನೂನಿಗೆ ನನ್ನ ಹಲ್ಲಿನ ಗುರುತೇ ಸಾಕಾಯ್ತು.

ನಿನ್ನ ತುಟಿ ಯಾವಾಗಲೂ ನೀಲಿ. ಹೆಸರು ನೋಡಿದ್ರೆ ಕೆಂಪಣ್ಣ! "ನೇರಳೆ ಹಣ್ಣು ಕದ್ದು ತಿಂದ ಬಾಯಿ ನೋಡು" ಅಂತ ಮೇಷ್ಟ್ರು ನಗ್ತಿದ್ರು. ನೇರಳೆ ಕಾಲ ಮುಗಿದ ಮೇಲೂ ಅದೇ ನೀಲಿ ಇತ್ತಲ್ಲ, ಅದನ್ನ ಯಾರಾದ್ರೂ ಯೋಚನೆ ಮಾಡಿದ್ರಾ? ಬಾಲಗ್ರಹ ಅಂತ ದಾರ ಕಟ್ಟಿದ್ರು. ಹೊಕ್ಕಳ ಹತ್ರ ಬರೆ ಹಾಕಿದ್ರು. ಬಸುರಿ ಇದ್ದಾಗ ಗ್ರಹಣದ ಹೊತ್ತಲ್ಲಿ ಈಳಿಗೆಮಣೆ ಮುಟ್ಟಿದ್ದೇ ಇದಕ್ಕೆಲ್ಲ ಕಾರಣ ಅಂತ ಅಜ್ಜಿ ಅಮ್ಮನ ಮೇಲೆ ಹಾಕಿದ್ಳು. ಅಮ್ಮ ಸಾಯೋವರೆಗೂ ಅದನ್ನೇ ನಂಬಿದ್ಳು ಕಣೋ.

ಆಮೇಲೆ ಆ ಬೇಸಿಗೆ. ಹೊಲದಿಂದ ಇಬ್ಬರೇ ಬರ್ತಿದ್ವಿ. ಹುಣಸೆಮರದ ಬುಡದಲ್ಲಿ ನೀನು ಕೂತೆ. ಆಟ ಇರಲಿಲ್ಲ. ಅಟ್ಟಿಸ್ಕೊಂಡು ಬರೋರು ಯಾರೂ ಇರಲಿಲ್ಲ. "ಯಾಕಣ್ಣಾ ಕೂತೆ?" ಅಂದ್ರೆ, "ಕೂತ್ರೆ ಉಸಿರು ಬರುತ್ತೆ ಕಣೋ ನಾಣಿ" ಅಂದೆ. ನಾನು ಪಕ್ಕದಲ್ಲಿ ಹುಣಸೆಬೀಜ ಆರಿಸ್ತಾ ಕೂತೆ. ಜೇಬು ತುಂಬಿಸ್ಕೊಂಡು ತಿರುಗಿ ನೋಡಿದ್ರೆ...

ಬೇಡ ಬಿಡು. ಅದು ನಿನಗೂ ಗೊತ್ತು, ನನಗೂ ಗೊತ್ತು.

ನಿನಗೆ ಗೊತ್ತಿಲ್ಲದ್ದು ಹೇಳ್ತೀನಿ ಕೇಳು. ಕಣ ಈಗ ಲೇಔಟಾಗಿದೆ. ಟಾರು ಹಾಕಿ, ದೀಪದ ಕಂಬ ನೆಟ್ಟು, ಮನೆ ಮಾತ್ರ ಒಂದೂ ಎದ್ದಿಲ್ಲ. ತಲೆ ಮೇಲೆ ದೇವನಹಳ್ಳಿ ಕಡೆಗೆ ವಿಮಾನ ಇಳೀತಾ ಇರ್ತವೆ. ಆ ಖಾಲಿ ರಸ್ತೇಲಿ ನಮ್ಮೂರ ಮಕ್ಕಳು ಇವತ್ತಿಗೂ ಜೂಟಾಟ ಆಡ್ತಾರೆ. ಇವತ್ತಿಗೂ ಕೂತೋರನ್ನ ಮುಟ್ಟಲ್ಲ! ಪಕ್ಕದೂರಲ್ಲಿ ಈ ಕಾನೂನಿಲ್ಲ, ವಿಚಾರಿಸಿದ್ದೀನಿ. ನಮ್ಮೂರಲ್ಲಿ ಯಾಕಿದೆ ಅಂತ ಯಾವ ಮಗುವಿಗೂ ಗೊತ್ತಿಲ್ಲ. ದೊಡ್ಡವರು ಸಣ್ಣವರಿಗೆ ಹೇಳಿ, ಅವರು ಮತ್ತೆ ಸಣ್ಣವರಿಗೆ ಹೇಳಿ, ನಿನ್ನ ಹೆಸರು ಉದುರಿಹೋಗಿ ನಿನ್ನ ಮಾತು ಮಾತ್ರ ಉಳ್ಕೊಂಡಿದೆ.

ಜಯಾಳ ಮಗಳು ಸೌಮ್ಯ. ಸೌಮ್ಯಳ ಮಗಳು ಖುಷಿ, ಅಂಗನವಾಡಿ ಮುಗಿಸಿ ಈಗ ತಾನೇ ಸ್ಕೂಲಿಗೆ ಸೇರಿದೆ. ಅವರಮ್ಮ ನನ್ನನ್ನ ಮಾವ ಅಂತಾಳೆ ಅಂತ ಈ ಬೆರಳುದ್ದದ್ದೂ ಮಾವ ಅನ್ನುತ್ತೆ. ತಾತ ಅನ್ನಿಸ್ಕೊಳೋಕೆ ನನಗೂ ಇಷ್ಟ ಇಲ್ಲ, ಸುಮ್ಮನಿದ್ದೀನಿ. ಈ ಖುಷಿ ಜೂಟಾಟದಲ್ಲಿ ಒಂದು ಸಲಾನೂ ಔಟಾದವಳಲ್ಲ. ಯಾರಾದ್ರೂ ಹತ್ರ ಬಂದ್ರೆ ಸಾಕು, ಕುಕ್ಕರಗಾಲು. "ಭಾರಿ ಕಿಲಾಡಿ, ಮಾವನ ಬುದ್ಧಿ" ಅಂತ ಎಲ್ಲರೂ ನಗೋರು. ನಾನೂ ಮೀಸೆ ತಿರುವಿದ್ದೇ ತಿರುವಿದ್ದು. ತುಟಿ ನೀಲಿ ಇದ್ರೆ ಐಸ್‌ಕ್ಯಾಂಡಿ ಬಣ್ಣ ಅಂದ್ರು. ನಿನಗೆ ನೇರಳೆ, ಇವಳಿಗೆ ಐಸ್‌ಕ್ಯಾಂಡಿ.

ಒಂದು ಮಧ್ಯಾಹ್ನ ನಾನು ಹೊಲದಲ್ಲಿ ಟ್ರ್ಯಾಕ್ಟರ್ ತೊಳೀತಿದ್ದೆ. ಖುಷಿ ಬದುವಿನ ಮೇಲೆ ಓಡಿಬರ್ತಿತ್ತು, ಒಂದೇ. ಅರ್ಧ ದಾರೀಲಿ ಕೂತ್ಕೊಂಡಿತು. ಮೊಣಕಾಲು ಎದೆಗೆ, ತಲೆ ಕೆಳಗೆ. ನಾನು ಸುತ್ತ ನೋಡಿದೆ. ಆಟ ಇರಲಿಲ್ಲ ಕೆಂಪಣ್ಣ. ಅಟ್ಟಿಸ್ಕೊಂಡು ಬರೋರು ಯಾರೂ ಇರಲಿಲ್ಲ. ಕೈಲಿದ್ದ ಪೈಪು ಅಲ್ಲೇ ಬಿಟ್ಟು ಓಡಿದೆ.

"ಯಾಕಮ್ಮಾ ಕೂತೆ?"

"ಕೂತ್ರೆ ಉಸಿರು ಬರುತ್ತೆ ಮಾವ."

ಅದೇ ಮಾತು. ಒಂದಕ್ಷರ ಆಚೀಚೆ ಇಲ್ಲ. ಯಾರು ಹೇಳಿಕೊಟ್ರೋ ಅದಕ್ಕೆ?

ಮನೇಲಿ ಹೇಳಿದೆ. ಬಡಾಯಿ ಕೊಚ್ಚೋನ ಪಾಡು ನೋಡು, ಒಬ್ಬರೂ ನಂಬಲಿಲ್ಲ. "ಚಿರತೆ ಆಯ್ತು, ಈಗ ಡಾಕ್ಟರಾದ್ಯಾ?" ಅಂದ್ಳು ಜಯಾ. ಸೌಮ್ಯ, "ಆಟ ಆಡಿ ಸುಸ್ತಾಗಿರುತ್ತೆ ಬಿಡಿ ಮಾವ" ಅಂತ ಮಗೂನ ಸೆರಗಿನಲ್ಲಿ ಮುಚ್ಕೊಂಡ್ಳು. ಅವಳಿಗೂ ಗ್ರಹಣದ ಮಾತು ಯಾರೋ ಅಂಟಿಸಿದ್ರು, ಅದಕ್ಕೇ ಭಯ. ಸರಿ, ನೇರ ದಾರಿ ಮುಚ್ಚಿದ್ರೆ ಹಿಂದಕ್ಕೆ ತಗೊಳೋದು ನನಗೆ ಗೊತ್ತಲ್ಲ? ಮಾರನೇ ದಿನ ಎದೆ ಹಿಡ್ಕೊಂಡು ಜಗುಲಿ ಮೇಲೆ ಬಿದ್ದೆ. "ಅಯ್ಯೋ ಸೌಮ್ಯ, ದೊಡ್ಡಬಳ್ಳಾಪುರಕ್ಕೆ ಕರ್ಕೊಂಡು ಹೋಗಮ್ಮಾ, ಖುಷೀನೂ ಜೊತೇಲಿರ್ಲಿ, ಕೊನೇ ಗಳಿಗೇಲಿ ಮುಖ ನೋಡ್ತೀನಿ!" ಪಾಪ, ಅಳ್ತಾನೇ ಹೊರಟಳು. ಡಾಕ್ಟ್ರು ಕೊಳವೆ ಹಿಡ್ಕೊಂಡು ನನ್ನ ಹತ್ರ ಬಂದ ತಕ್ಷಣ ಎದ್ದು ಕೂತೆ. "ನನಗೇನೂ ಆಗಿಲ್ಲ ಸಾರ್, ಕಲ್ಲು ಗುಂಡಿನಂಗಿದ್ದೀನಿ. ಇವಳ ಎದೆ ನೋಡಿ. ಸುಮ್ಮನಿದ್ದಾಗಲೂ ಕುಕ್ಕರಗಾಲಲ್ಲಿ ಕೂರ್ತಾಳೆ." ಸೌಮ್ಯ ನನ್ನ ನೋಡಿದ ನೋಟಕ್ಕೆ ರಾಗಿ ಹುರೀಬಹುದಿತ್ತು. ಡಾಕ್ಟ್ರು ಮಾತ್ರ ನಗಲಿಲ್ಲ. ಮಗು ಎದೆ ಮೇಲೆ ಕೊಳವೆ ಇಟ್ಟವರು ಬಹಳ ಹೊತ್ತು ತೆಗೀಲೇ ಇಲ್ಲ. ಆಮೇಲೆ ಉಗುರು ನೋಡಿದ್ರು, ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು.

ಬೆಂಗಳೂರಲ್ಲಿ ನಾನು ಕಂಡಿದ್ದು ಹೇಳ್ತೀನಿ, ಅರ್ಧ ಕಳೀಬೇಡ ಅಂದಿದ್ದು ಇದಕ್ಕೇ. ಅಲ್ಲಿನ ಡಾಕ್ಟ್ರಮ್ಮ ಖುಷಿ ಎದೆಗೆ ತಣ್ಣನೆ ಅಂಟು ಸವರಿ, ಒಂದು ಕಡ್ಡಿ ಒತ್ತಿದ್ರು. ಪಕ್ಕದ ಟೀವೀಲಿ ಹೃದಯ ಬಂತು! ಬಡ್ಕೊಳ್ತಿರೋ ಹೃದಯ. ಚರ್ಮ ಕುಯ್ಯಲಿಲ್ಲ, ನೋವು ಮಾಡಲಿಲ್ಲ, ಮಗು ಬಿಸ್ಕತ್ತು ಚೀಪ್ತಾ ಮಲಗಿತ್ತು. ನಾನು ಕೈಮುಗಿದುಬಿಟ್ಟೆ. ಹೃದಯದ ಕೆಳಗಿನ ಎರಡು ಕೋಣೆ ನಡುವಿನ ಗೋಡೇಲಿ ತೂತು ಅಂದ್ರು. ಶ್ವಾಸಕೋಶಕ್ಕೆ ರಕ್ತ ಹೋಗೋ ದಾರಿ ಇಕ್ಕಟ್ಟು. ಹಂಗಾಗಿ ಗಾಳಿ ಸಿಗದ ರಕ್ತ ಮೈಗೆಲ್ಲ ಹೋಗುತ್ತೆ, ತುಟಿ ಉಗುರು ನೀಲಿಯಾಗುತ್ತೆ. ಹೊಟ್ಟೇಲಿರುವಾಗಲೇ ಹೃದಯ ಹಂಗೆ ರೂಪ ತಗೊಂಡಿರುತ್ತಂತೆ.

"ಹಂಗಾದ್ರೆ ಕೂರೋದ್ಯಾಕಮ್ಮಾ?" ಅಂದೆ. ಆಕೆ ಹೇಳಿದ್ರು: ಕಾಲು ಮಡಚಿ ಒತ್ತಿದಾಗ ಕಾಲಿನ ಕಡೆ ಹೋಗೋ ರಕ್ತಕ್ಕೆ ತಡೆ ಬೀಳುತ್ತೆ, ಆಗ ಶ್ವಾಸಕೋಶದ ಕಡೆಗೆ ಹೆಚ್ಚು ರಕ್ತ ತಿರುಗುತ್ತೆ, ಉಸಿರು ಸಿಗುತ್ತೆ. ಒಂದು ಕಾಲುವೆಗೆ ಮಣ್ಣು ಅಡ್ಡ ಹಾಕಿ ಇನ್ನೊಂದಕ್ಕೆ ನೀರು ತಿರುಗಿಸ್ತೀವಲ್ಲ, ಅದೇ. ಕೆಂಪಣ್ಣಾ, ನಿನ್ನ ಮೈಯೊಳಗೆ ನೀನೇ ನೀರು ಕಟ್ತಿದ್ದೆಯೇನೋ! ಓದಿ ತಿಳಿದಿದ್ದಲ್ಲ, ಯಾರೂ ಕಲಿಸಿದ್ದಲ್ಲ. ಆ ಮೈಗೆ ಅಷ್ಟು ಬುದ್ಧಿ ಎಲ್ಲಿಂದ ಬಂತೋ? ನಾವು ಆಟ ಅಂದ್ಕೊಂಡಿದ್ವಿ. ನೀನು ಜೀವ ಹಿಡ್ಕೊಳ್ತಿದ್ದೆ.

ಸೌಮ್ಯ ಮೆಲ್ಲಗೆ, "ನಾನು ಗ್ರಹಣದ ದಿನ ಹೊರಗೆ ಬಂದಿದ್ದೆ ಮೇಡಂ" ಅಂದ್ಳು. ಡಾಕ್ಟ್ರಮ್ಮ ಅವಳ ಕೈ ಹಿಡ್ಕೊಂಡು, "ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ. ನಿನ್ನಿಂದ ಆಗಿದ್ದಲ್ಲ" ಅಂದ್ರು. ಅಮ್ಮ ಅಲ್ಲೇ ನಿನ್ನ ಹತ್ರ ಇದ್ದಾಳಲ್ಲ? ಅವಳಿಗೆ ಓದಿ ಹೇಳು. ಈಳಿಗೆಮಣೆಯಿಂದ ಆಗಿದ್ದಲ್ಲ ಅನ್ನು. ಎರಡು ಸಲ ಹೇಳು, ಒಂದು ಸಲಕ್ಕೆ ನಂಬೋಳಲ್ಲ ಅವಳು.

ಕೊನೆಗೆ ಆಕೆ, "ಕೂರೋದನ್ನ ಮೊದಲು ಗಮನಿಸಿದ್ದು ಯಾರು?" ಅಂದ್ರು. ನನ್ನಂಥೋನಿಗೆ ಇದಕ್ಕಿಂತ ಒಳ್ಳೇ ಸಂದರ್ಭ ಸಿಗುತ್ತಾ? ಬಾಯಿ ತೆಗೆದೆ. "ನಮ್ಮಣ್ಣ" ಅಂತ ಬಂತು.

ಆಪರೇಷನ್ ದಿನ ಹೃದಯಾನೇ ನಿಲ್ಲಿಸಿದ್ರಂತೆ. ಅಷ್ಟು ಹೊತ್ತು ಹೊರಗಿನ ಒಂದು ಯಂತ್ರ ಅವಳ ರಕ್ತ ಓಡಿಸ್ತಂತೆ. ಖುಷಿ ಮುಷ್ಟಿಯಷ್ಟು ಹೃದಯದೊಳಗೆ ಕೈ ಆಡಿಸಿ, ಇಕ್ಕಟ್ಟು ದಾರಿ ಬಿಡಿಸಿ, ತೂತಿಗೆ ತೇಪೆ ಹಾಕಿದ್ರು. ತೇಪೆ! ನಿನ್ನ ಚಡ್ಡಿಗೆ ಅಮ್ಮ ಹಾಕ್ತಿದ್ಳಲ್ಲ, ಅದೇ ಮಾತು. ಆಮೇಲೆ ನಿಂತಿದ್ದ ಹೃದಯ ಮತ್ತೆ ಹೊಡ್ಕೊಳ್ತು. ಗಾಜಿನಾಚೆಯಿಂದ ನೋಡಿದೆ. ಮೈ ತುಂಬ ನಳಿಕೆ. ಆದ್ರೆ ತುಟಿ... ಕೆಂಪಣ್ಣಾ, ಕೆಂಪಗಿತ್ತು ಕಣೋ.

ಈಗ ಅಂಗನವಾಡೀಲಿ ತಾಯಂದಿರು ಸೇರಿದಾಗ ನನ್ನೇ ಕರೀತಾರೆ. ತುಟಿ ನೀಲಿ ಆಗುತ್ತಾ, ಹಾಲು ಕುಡಿಯೋವಾಗ ಕೂಸು ಬೆವರುತ್ತಾ, ತೂಕ ಏರಲ್ವಾ, ಆಡ್ತಾ ಆಡ್ತಾ ಕೂರುತ್ತಾ, ದಾರ ಬೇಕಾದ್ರೆ ಕಟ್ಕೊಳ್ಳಿ, ಆದ್ರೆ ಮೊದಲು ಡಾಕ್ಟ್ರ ಹತ್ರ ಎದೆ ತೋರಿಸಿ ಅಂತೀನಿ. ನಡುವೆ ಚಿರತೆ ಕತೇನೂ ಸೇರಿಸ್ತೀನಿ, ಇಲ್ಲಾಂದ್ರೆ ಎದ್ದುಹೋಗ್ತಾರೆ. ನಿನ್ನ ಹೆಸರು ಹೇಳೋದು ಮಾತ್ರ ಮರೆಯಲ್ಲ. ಈ ಕೂರೋ ಕಾನೂನು ತೆಗೆದುಹಾಕೋಣ ಅಂತ ದೊಡ್ಡ ಹುಡುಗರು ಮೊನ್ನೆ ಪಂಚಾಯ್ತಿ ಮಾಡಿದ್ರು. ನನ್ನ ಬಾಯಲ್ಲಿ ಹಲ್ಲಿರೋವರೆಗೂ ಆಗಲ್ಲ ಅಂದೆ. ಗೋವಿಂದಾನೂ ಅಲ್ಲೇ ಇದ್ದ. ಮುಂಗೈ ತೋರಿಸಿ, "ಬೇಡ ಕಣ್ರೋ, ಇವನು ನಿಜವಾಗ್ಲೂ ಕಚ್ತಾನೆ" ಅಂದ.

ಇಷ್ಟೆಲ್ಲ ಬರೆದಿದ್ದು ಒಂದು ಸುದ್ದಿಗೆ. ನಿನ್ನೆ ಸಂಜೆ ಖುಷಿ ಮತ್ತೆ ಜೂಟಾಟಕ್ಕೆ ಇಳೀತು, ಡಾಕ್ಟ್ರು ಓಡಬಹುದು ಅಂದ ಮೇಲೇನೇ. ನಾನು ದೀಪದ ಕಂಬ ಹಿಡ್ಕೊಂಡು ನಿಂತಿದ್ದೆ. ಒಂದು ಹುಡುಗಿ ಅಟ್ಟಿಸ್ಕೊಂಡು ಬಂತು. ಈಗ ಕೂರುತ್ತೆ, ಈಗ ಕೂರುತ್ತೆ ಅಂತ ನೋಡ್ತಾನೇ ಇದ್ದೆ. ನಮ್ಮ ಹಳೇ ಕಣದ ಈ ತುದಿಯಿಂದ ಆ ತುದಿವರೆಗೂ ಓಡಿತು, ತಿರುಗಿ ಮತ್ತೆ ಓಡಿತು, ಕೊನೇಲಿ ಬೆನ್ನ ಮೇಲೆ ಧಡ್ ಅಂತ ಏಟು. ಜೂಟ್! ಜೀವಮಾನದಲ್ಲಿ ಮೊದಲ ಸಲ ಔಟಾದ್ಳು. ಕೆಂಪಗೆ ಉರೀತಾ ನನ್ನ ಹತ್ರ ಬಂದು, ಕಾಲು ಅಪ್ಪಳಿಸಿ ಹೇಳಿದ್ಳು:

"ಮಾವ, ಕೂರೋದೇ ಮರ್ತೋಯ್ತು!"

ನಿನ್ನ ತಮ್ಮ,
ನಾಣಿ