ಯಾವಾಗಲೂ ನಗುವವಳ ಕಾರ್ಡು

ಅಮ್ಮಾ,

ನೀನು ತೀರಿಕೊಂಡ ಮೇಲೆ ನೀನು ಪಾಠ ಮಾಡುತ್ತಿದ್ದ ಮೂರನೇ ತರಗತಿಗೆ ಈಗ ನಾನೇ ಟೀಚರ್. ಪ್ರಗತಿ ಕಾರ್ಡಿನಲ್ಲಿ ಅಂಕಗಳ ಕೆಳಗೆ 'ಮಗುವಿನ ಸರ್ವತೋಮುಖ ಬೆಳವಣಿಗೆ' ಅಂತ ಒಂದು ಕಾಲಂ ಈಗಲೂ ಇದೆ. ಮೊನ್ನೆ ಕೈ ಸೋತು, ಮೂವತ್ತೆಂಟು ಮಕ್ಕಳಿಗೂ ಒಂದೇ ಸಾಲು ಗೀಚಿಬಿಟ್ಟೆ: 'ಯಾವಾಗಲೂ ನಗುನಗುತ್ತಾ ಇರುವ ಮಗು.'

ಇವತ್ತು ಕಿಟಕಿ ಪಕ್ಕ ಕೂರುವ ಹುಡುಗಿ ಕಾರ್ಡು ವಾಪಸ್ ತಂದಳು. ಅವಳ ತಾಯಿ ತೀರಿಹೋಗಿ ಎರಡು ತಿಂಗಳು.

"ಮಿಸ್, ಇದು ನಂದಲ್ಲ. ಬೇರೆ ಯಾರ್ದೋ ಇರ್ಬೇಕು."

"ನಿನ್ನ ಹೆಸ್ರೇ ಇದೆಯಲ್ಲೇ ಪುಟ್ಟಿ."

"ಹೆಸ್ರು ನಂದೇ ಮಿಸ್," ಎಂದು ಅಲ್ಲೇ ನಿಂತಳು.

ಅಪ್ಪ ತೀರಿಕೊಂಡ ವರ್ಷ ನಾನು ನಿನ್ನ ಕ್ಲಾಸಿನಲ್ಲೇ ಇದ್ದೆ. ನನ್ನ ಕಾರ್ಡಿನಲ್ಲಿ ನೀನು ಬರೆದದ್ದೂ ಇದೇ ಸಾಲು. ನಾನು ವಾಪಸ್ ಕೊಡಲಿಲ್ಲ. ಪೋಷಕರ ಸಹಿಗೆಂದು ಮನೆಯಲ್ಲಿ ನಿನ್ನ ಮುಂದೆಯೇ ಹಿಡಿದೆ.

ನೀನು ಓದದೆ ಸಹಿ ಹಾಕಿದೆ.